ಆಸ್ಪತ್ರೆಯಲ್ಲಿ ಒಂಬತ್ತು ದಿನ

ಈ ತಿಂಗಳ ಗೋಡೆ ಪತ್ರಿಕೆಗೆ ‘ದಸರಾ ರಜೆಯಲ್ಲಿ ನಾನು ಕಂಡದ್ದು’ ಎಂದು ಬರೆಯಿರಿ ಅಂತ ನಮ್ಮ ಕನ್ನಡ ಸರ್ ಹೇಳಿದರು. ನಮ್ಮ ತರಗತಿಯಲ್ಲಿ ಹೆಚ್ಚಿನವರು ಮಡಿಕೇರಿಯ ದಶಮಂಟಪದ ಬಗ್ಗೆ ಬರೆದಿದ್ದಾರೆ. ನಾನು ಈ ವರ್ಷ ಮಂಟಪ ನೋಡಲಿಲ್ಲ, ಆಸ್ಪತ್ರೆ ನೋಡಿದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ. ಯಾವ ಆಸ್ಪತ್ರೆ ಅಂತ ಹೆಸರು ಹಾಕಬೇಡ ಎಂದು ಸರ್ ಹೇಳಿದ್ದಾರೆ, ಹಾಕಿಲ್ಲ.

ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ. ತೋಟದಲ್ಲಿ ಕಳೆ ಕೊಚ್ಚುವಾಗ ಕಾಲಿಗೆ ಕತ್ತಿ ತಾಗಿತ್ತು. ಸಣ್ಣ ಗಾಯ ಅಂತ ಅಜ್ಜ ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಅದು ಒಣಗಲೇ ಇಲ್ಲ, ಕೀವು ಆಯಿತು, ಜ್ವರ ಬಂತು. ಸಕ್ಕರೆ ಕಾಯಿಲೆ ಇದ್ದವರಿಗೆ ಗಾಯ ಬೇಗ ಮಾಯುವುದಿಲ್ಲವಂತೆ. ಡಾಕ್ಟರು ನೋಡಿ ಅಡ್ಮಿಟ್ ಮಾಡಲೇಬೇಕು ಎಂದರು. ಅಮ್ಮನಿಗೆ ಮನೆ, ದನ, ತಂಗಿ ಎಲ್ಲಾ ನೋಡಬೇಕು. ಅಪ್ಪ ಹಗಲು ಜೀಪಿನ ಕೆಲಸಕ್ಕೆ ಹೋಗಿ ರಾತ್ರಿ ಆಸ್ಪತ್ರೆಗೆ ಬರೋರು. ಹಗಲು ಹೊತ್ತು ಅಜ್ಜನ ಜೊತೆ ನಾನೇ. ನನಗೆ ರಜೆ ಇತ್ತಲ್ಲ.

ಮೊದಲನೇ ದಿನ ನನಗೆ ಬಹಳ ಖುಷಿಯಾಗಿತ್ತು. ಲಿಫ್ಟು ಇತ್ತು, ಪೇಟೆ ಹತ್ತಿರ. ಎರಡನೇ ದಿನಕ್ಕೆ ಖುಷಿ ಮುಗಿಯಿತು.

ವಾರ್ಡಿನಲ್ಲಿ ಎಲ್ಲರೂ ಗಾಯದ ಬಗ್ಗೆ, ಜ್ವರದ ಬಗ್ಗೆ ಮಾತಾಡುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಎಲ್ಲರೂ ಮಾತಾಡುವುದು ಊಟದ ಬಗ್ಗೆ. ಬೆಳಿಗ್ಗೆ ಬ್ರೆಡ್ಡು, ಹಾಲು, ಒಂದು ಮೊಟ್ಟೆ. ಮಧ್ಯಾಹ್ನ ಅನ್ನ, ಸಾಂಬಾರು, ಪಲ್ಯ. ರಾತ್ರಿಯೂ ಹಾಗೇ. ಅನ್ನಕ್ಕೆ ಕೊರತೆ ಇರಲಿಲ್ಲ, ಸುಳ್ಳು ಹೇಳಬಾರದು. ಆದರೆ ಅಡುಗೆ ಮನೆ ಇರುವುದು ಆಚೆ ಕಟ್ಟಡದಲ್ಲಿ. ಊಟದ ಗಾಡಿ ಬೇರೆ ವಾರ್ಡುಗಳನ್ನೆಲ್ಲ ಸುತ್ತಿ ಕಡೆಗೆ ನಮ್ಮ ಗಂಡಸರ ವಾರ್ಡಿಗೆ ಬರುತ್ತಿತ್ತು. ಹೊರಗೆ ಮಳೆ, ಚಳಿ. ನಮ್ಮಲ್ಲಿಗೆ ಬರುವಾಗ ಅನ್ನ ಗಂಟು ಗಂಟಾಗಿ, ಸಾಂಬಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿ ಇರುತ್ತಿತ್ತು. ನಮ್ಮ ಕೊಡಗಿನ ಮುದುಕರಿಗೆ ಏನಿಲ್ಲದಿದ್ದರೂ ಬಿಸಿ ಇರಬೇಕು. ಕುಡಿಯುವ ನೀರೂ ಬಿಸಿಯೇ ಬೇಕು. ವಾರ್ಡಿನ ನೀರಿನ ಮೆಷಿನ್ನಿಗೆ ‘ಕೆಟ್ಟಿದೆ’ ಅಂತ ಚೀಟಿ ಅಂಟಿಸಿದ್ದರು. ಆ ಚೀಟಿಯೇ ಹಳೇದಾಗಿ ಹಳದಿ ಆಗಿತ್ತು. ನಾನು ದಿನಾ ಎರಡು ಸಲ ರಸ್ತೆ ದಾಟಿ ಹೋಟೆಲಿಗೆ ಹೋಗಿ ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದೆ. ಒಂದು ಫ್ಲಾಸ್ಕಿಗೆ ಹತ್ತು ರೂಪಾಯಿ. ದುಡ್ಡಿಲ್ಲದವರು ನಲ್ಲಿ ನೀರನ್ನೇ ಕುಡಿಯುತ್ತಿದ್ದರು.

ಪಕ್ಕದ ಮಂಚದಲ್ಲಿ ಒಬ್ಬರು ಮಾಮ ಇದ್ದರು. ಅವರಿಗೆ ಕಿಡ್ನಿ ತೊಂದರೆ. ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಬೆಳಿಗ್ಗೆ ಹೇಳಿ ಹೋದರು. ಮಧ್ಯಾಹ್ನ ಅವರಿಗೂ ಅದೇ ಬಕೆಟಿನ ಸಾಂಬಾರು. ಅವರು ಕೇಳಿದ್ದಕ್ಕೆ ಗಾಡಿಯ ಅಣ್ಣ, “ನಾನೇನು ಮಾಡ್ಲಿ? ಅಲ್ಲಿ ಕೊಟ್ಟಿದ್ದನ್ನ ಇಲ್ಲಿಗೆ ತರ್ತೀನಿ. ನಾಲ್ಕು ವಾರ್ಡಿಗೆ ನಾನೊಬ್ಬನೇ” ಅಂದರು. ಅವರನ್ನು ನೋಡಿದರೂ ಪಾಪ ಅನ್ನಿಸಿತು. ಅವರ ಶರಟು ಒದ್ದೆಯಾಗಿತ್ತು.

ನಮ್ಮ ಅಜ್ಜ ಮಾತ್ರ ದೂರು ಹೇಳುವವರೇ ಅಲ್ಲ. “ಪುಕ್ಕಟೆ ಕೊಡೋ ಅನ್ನಕ್ಕೆ ಹೆಸರಿಡಬಾರದು ಮಗಾ” ಅನ್ನೋರು. ಅವರು ಒಂದೇ ಒಂದು ಸಲ ಬೈದದ್ದು ಹೊರಗಿನ ಕ್ಯಾಂಟೀನ್ ಕಾಫಿಗೆ. ಒಂದು ಗುಟುಕು ಕುಡಿದು, “ಇದೇನು, ಲೋಟ ತೊಳೆದ ನೀರಾ?” ಅಂದರು. ಇಡೀ ವಾರ್ಡು ನಕ್ಕಿತು. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ಕೊಡಗಿನಲ್ಲೇ ಬೆಳೆಯುತ್ತದೆ. ಐವತ್ತು ವರ್ಷ ಕಾಫಿ ಕೊಯ್ದ ಅಜ್ಜನಿಗೆ ಇಂಥಾ ಕಾಫಿ!

ಈಗ ನಿಜವಾದ ವಿಷಯ ಬರೆಯುತ್ತೇನೆ.

ಅಜ್ಜನಿಗೆ ಹಲ್ಲಿಲ್ಲ. ಒಣ ಬ್ರೆಡ್ಡು ಅವರಿಗೆ ಆಗುವುದಿಲ್ಲ. ಹಾಲಿನಲ್ಲಿ ಅದ್ದಿಕೊಳ್ಳೋಣ ಅಂದರೆ ಹಾಲಿಗೆ ಮೊದಲೇ ಸಕ್ಕರೆ ಹಾಕಿರುತ್ತಿದ್ದರು, ಎಲ್ಲರಿಗೂ ಒಂದೇ ಪಾತ್ರೆ. ‘ಸಕ್ಕರೆ ಮುಟ್ಟಬೇಡಿ’ ಎಂದು ಡಾಕ್ಟರು ಹೇಳಿದ್ದರಿಂದ ಅಜ್ಜ ಹಾಲು ಮುಟ್ಟುತ್ತಿರಲಿಲ್ಲ. ಮೊಟ್ಟೆ ತಣ್ಣಗೆ ವಾಸನೆ ಬರುತ್ತದೆ ಅಂತ ಬೇಡ. “ನೀನೇ ತಿನ್ನು ಮಗಾ, ನೀನು ಬೆಳೆಯೋ ಹುಡುಗ” ಅನ್ನೋರು. ನಾನು ತಿನ್ನುತ್ತಿದ್ದೆ. ಬ್ರೆಡ್ಡು, ಮೊಟ್ಟೆ, ಹಾಲು ಎಲ್ಲಾ. ನನಗೆ ತಿಂಡಿಗೆ ಅಂತ ಅಪ್ಪ ದಿನಾ ಮೂವತ್ತು ರೂಪಾಯಿ ಕೊಡುತ್ತಿದ್ದರು. ಅದು ಜೇಬಿನಲ್ಲೇ ಉಳಿಯುತ್ತಿತ್ತು.

ಸಿಸ್ಟರು ಬೆಳಿಗ್ಗೆ ಅಜ್ಜನಿಗೆ ಇನ್ಸುಲಿನ್ ಇಂಜೆಕ್ಷನ್ ಕೊಡೋರು. ಆಮೇಲೆ ಬಂದು, “ಅಜ್ಜ ತಿಂದ್ರಾ?” ಅಂತ ನನ್ನನ್ನು ಕೇಳಿ ಕಾಗದದಲ್ಲಿ ಬರೆದುಕೊಳ್ಳೋರು. ತಟ್ಟೆ ಖಾಲಿ ಇರುತ್ತಿತ್ತು. ನಾನು “ತಿಂದ್ರು ಸಿಸ್ಟರ್” ಅನ್ನುತ್ತಿದ್ದೆ. ಮೊದಲ ಎರಡು ದಿನ ಅಮ್ಮ ಕಟ್ಟಿ ಕಳಿಸಿದ ಅಕ್ಕಿ ರೊಟ್ಟಿ ಇತ್ತು, ಅಜ್ಜ ಬಿಸಿನೀರಿನಲ್ಲಿ ನೆನೆಸಿ ತಿಂದಿದ್ದರು. ಹಾಗಾಗಿ ಏನೂ ಆಗಲಿಲ್ಲ. ನಾಲ್ಕನೇ ದಿನ ರೊಟ್ಟಿ ಮುಗಿದಿತ್ತು. ಅಂದೂ ನಾನು “ತಿಂದ್ರು” ಅಂದೆ.

ಹತ್ತು ಗಂಟೆ ಹೊತ್ತಿಗೆ ಅಜ್ಜನ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ನನ್ನನ್ನು ನೋಡಿ ಅಪ್ಪನ ಹೆಸರಿಟ್ಟು ಕರೆದು, “ದನ ಬಿಚ್ಚಿದ್ಯಾ?” ಅಂತ ಕೇಳಿದರು. ನಾನು ಓಡಿದೆ. ಸಿಸ್ಟರು ಬೆರಳಿನಿಂದ ರಕ್ತ ತೆಗೆದು ಮೆಷಿನ್ನಲ್ಲಿ ನೋಡಿದರು, 52 ಅಂತ ಬಂತು. ಕೂಡಲೇ ಗ್ಲೂಕೋಸ್ ಕಲಸಿ ಕುಡಿಸಿದರು. ಆಮೇಲೆ ಹಾಲು ತರಿಸಿದರು, ಅದೇ ಸಕ್ಕರೆ ಹಾಕಿದ ಹಾಲು! ಕಾಲು ಗಂಟೆಯಲ್ಲಿ ಅಜ್ಜ ಸರಿಯಾಗಿ ನನ್ನ ಹೆಸರು ಹೇಳಿ ಕರೆದರು.

ಇನ್ಸುಲಿನ್ ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಊಟ ಮಾಡದಿದ್ದರೆ ಅದು ಇಳಿಯುತ್ತಲೇ ಹೋಗುತ್ತದೆ, ತಲೆ ಕೆಲಸ ಮಾಡುವುದಿಲ್ಲ, ಜೀವಕ್ಕೂ ಅಪಾಯ. ಇದು ನನಗೆ ಗೊತ್ತಿರಲಿಲ್ಲ, ಸಿಸ್ಟರು ಹೇಳಿದರು. “ಬೆಳಿಗ್ಗೆ ತಿಂದ್ರು ಅಂದ್ಯಲ್ಲ?” ಅಂತ ಕೇಳಿದರು. ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ. “ನೀನು ಹೇಳಿದ್ದನ್ನೇ ನಾನು ಬರೆಯೋದು ಪುಟ್ಟಾ, ಅದನ್ನು ನೋಡಿಯೇ ಡಾಕ್ಟರು ಔಷಧಿ ಲೆಕ್ಕ ಹಾಕೋದು. ತಿನ್ನದಿದ್ರೆ ತಿನ್ನಲಿಲ್ಲ ಅಂತ ಹೇಳು. ಯಾಕೆ ತಿನ್ನಲಿಲ್ಲ ಅಂತಾನೂ ಹೇಳು” ಅಂದರು. ಆಗ ನಾನು ಹಲ್ಲಿನ ವಿಷಯ, ಹಾಲಿನ ವಿಷಯ ಹೇಳಿದೆ. ಪಕ್ಕದ ಮಾಮನೂ ಉಪ್ಪಿನ ವಿಷಯ ಹೇಳಿದರು. ಬಾಗಿಲ ಹತ್ತಿರದ ಮಂಚದವರೂ ಎದ್ದು ಕೂತು ಹೇಳಿದರು. ಅಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೇ ಹೊರತು ಯಾರೂ ಹೇಳಬೇಕಾದವರಿಗೆ ಹೇಳಿರಲಿಲ್ಲ.

ಮಾರನೇ ದಿನದಿಂದ ಅಜ್ಜನಿಗೆ ಒಂದು ಲೋಟ ಸಕ್ಕರೆ ಹಾಕದ ಹಾಲು ಬೇರೆ ಬಂತು. ಒಂದು ದಿನ ಮರೆತರು. ಅಂದು ನಾನೇ ಅಡುಗೆ ಮನೆಗೆ ಹೋಗಿ ಕೇಳಿ ತಂದೆ. ಸಾಂಬಾರು ಕೊನೆಯವರೆಗೂ ತಣ್ಣಗೇ ಇತ್ತು. ಅಮ್ಮ ಬಸ್ಸಿನಲ್ಲಿ ಗಂಜಿ ಕಳಿಸತೊಡಗಿದರು. ಕಂಡಕ್ಟರಣ್ಣ ಕ್ಯಾರಿಯರನ್ನು ಕಾಲ ಹತ್ತಿರ ಇಟ್ಟುಕೊಂಡು ಜೋಪಾನವಾಗಿ ತರುತ್ತಿದ್ದರು.

ಆಸ್ಪತ್ರೆಯಲ್ಲಿ ಒಂದು ಸಲಹಾ ಪೆಟ್ಟಿಗೆ ಇತ್ತು. ಏಳನೇ ದಿನ ನಾನು ಅದಕ್ಕೆ ಒಂದು ಪತ್ರ ಹಾಕಿದೆ. ವ್ಯಾಕರಣದಲ್ಲಿ ಸರ್ ಕಲಿಸಿದ ಹಾಗೆ ಇಂದ, ಗೆ, ಮಾನ್ಯರೇ, ವಿಷಯ ಎಲ್ಲಾ ಬರೆದೆ. ಒಂದು ಪ್ರಶ್ನೆಯನ್ನೂ ಕೇಳಿದೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮೊದಲು ಟೀಚರು ರುಚಿ ನೋಡುತ್ತಾರೆ. 2013ರಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಕೀಟನಾಶಕ ಸೇರಿದ ಊಟ ತಿಂದು 23 ಮಕ್ಕಳು ತೀರಿಹೋದರು. 2015ರ ಬಿಸಿಯೂಟದ ನಿಯಮದಲ್ಲಿ ಶಿಕ್ಷಕರೂ ಸೇರಿ ದೊಡ್ಡವರು ಮೊದಲು ರುಚಿ ನೋಡಬೇಕು ಎಂದೇ ಬರೆದಿದೆ. ಹಾಗಾದರೆ ರೋಗಿಗಳ ಊಟವನ್ನು ಯಾರು ರುಚಿ ನೋಡುತ್ತಾರೆ? ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿತ್ತು. ಉತ್ತರ ಬಂದಿಲ್ಲ. ನಮ್ಮ ವಿಳಾಸ ಬರೆದಿದ್ದೇನೆ.

ಶಾಲೆ ಶುರುವಾದ ಮೇಲೆ ಇದನ್ನು ವಿಜ್ಞಾನದ ಟೀಚರಿಗೆ ಹೇಳಿದೆ. ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಕತೆ ನಮಗೆಲ್ಲಾ ಗೊತ್ತಲ್ಲ, ಅವರು 1859ರಲ್ಲೇ ಒಂದು ಪುಸ್ತಕ ಬರೆದು, ರೋಗಿ ತಿನ್ನದೆ ಬಿಟ್ಟ ಊಟವನ್ನು ಮುಂದಿನ ಊಟದ ತನಕ ಪಕ್ಕದಲ್ಲೇ ಇಡಬಾರದು, ಯಾಕೆ ತಿನ್ನಲಿಲ್ಲ ಅಂತ ಗಮನಿಸಬೇಕು ಎಂದು ಹೇಳಿದ್ದಾರಂತೆ. ಅಜ್ಜನ ಊಟ ಪಕ್ಕದಲ್ಲಿ ಉಳಿದಿದ್ದರೆ ಸಿಸ್ಟರಿಗೆ ಮೊದಲೇ ಗೊತ್ತಾಗುತ್ತಿತ್ತು. ನಾನು ತಟ್ಟೆ ಖಾಲಿ ಮಾಡಿಬಿಟ್ಟಿದ್ದೆ. ಪುಕ್ಕಟೆ ಅನ್ನ ಅಂತ ಅಜ್ಜ ಹೇಳಿದ್ದಕ್ಕೆ ಟೀಚರು, “ಪುಕ್ಕಟೆ ಎಲ್ಲಿಂದ? ನಿಮ್ಮಜ್ಜ ಸೋಪು ಕೊಂಡಾಗಲೆಲ್ಲ ತೆರಿಗೆ ಕಟ್ಟಿದ್ದಾರೆ” ಅಂದರು. ಅಜ್ಜನಿಗೆ ಅದನ್ನು ಹೇಳಿದರೆ ಅವರು ಒಪ್ಪಲಿಲ್ಲ. “ಆದ್ರೂ ಅನ್ನ ಅನ್ನವೇ” ಅಂದರು.

ಅಜ್ಜನ ಕಾಲು ಈಗ ವಾಸಿಯಾಗಿದೆ. ಬೆಲ್ಲ ಹಾಕದ ಕಾಫಿ ಕುಡಿದು ಮುಖ ಕಿವುಚುತ್ತಾರೆ.

ತಿಂಡಿಯ ದುಡ್ಡು ತೊಂಬತ್ತು ರೂಪಾಯಿ ಉಳಿದಿತ್ತು ಅಂತ ಬರೆಯಬೇಕು. ಮೂರು ದಿನದ್ದು. ಆಮೇಲಿನ ದಿನಗಳಲ್ಲಿ ನಾನು ಹೋಟೆಲಿಗೇ ಹೋಗಿ ತಿಂದೆ. ಆ ದುಡ್ಡಿನಲ್ಲಿ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಒಂದು ಬಾಲು ತೆಗೆದುಕೊಂಡೆ. ಈಗ ಆಟದ ಪೀರಿಯಡ್ಡಿನಲ್ಲಿ ನಾವು ಆಡುವ ಹಸಿರು ಬಾಲು ಅದೇ. ಮಾಮ ಕೊಡಿಸಿದರು ಅಂತ ನಿಮಗೆಲ್ಲಾ ಹೇಳಿದ್ದೆ. ಅಪ್ಪನಿಗೆ ಬಾಲಿನ ವಿಷಯವೂ ಗೊತ್ತಿಲ್ಲ, ತಟ್ಟೆಯ ವಿಷಯವೂ ಗೊತ್ತಿಲ್ಲ. ಬರುವ ಶನಿವಾರ ಪೋಷಕರ ಸಭೆ ಇದೆ. ಅಪ್ಪ ಬರುತ್ತಾರೆ. ಸಭೆ ನಡೆಯುವುದು ಈ ಗೋಡೆಯ ಮುಂದೆಯೇ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ