‘ಹ್ಯಾಂಗ್ ಆಯ್ತು’ ಎಂದ ಮೇಲೆ

ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಮಕ್ಕಳ ಬಾಯಿಂದ ಪದೇ ಪದೇ ಕೇಳುವ ಮಾತು ‘ಮಿಸ್, ಹ್ಯಾಂಗ್ ಆಯ್ತು’. ಅದರ ಬೆನ್ನಿಗೇ ಆಫ್ ಮಾಡುವ ಆತುರ. ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಇದನ್ನು ಗಮನಿಸಿ, ಒಂದು ಪಾಠವನ್ನು ದೋಷ ಪತ್ತೆಗೇ ಮೀಸಲಿಟ್ಟೆ.

ಅಲ್ಲಿಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಇತ್ತು. ಅದರೊಳಗೆ ವರ್ಚುವಲ್‌ಬಾಕ್ಸ್ ತಂತ್ರಾಂಶದ ನೆರವಿನಿಂದ ಲಿನಕ್ಸ್‌ನ ಒಂದು ರೂಪವಾದ ಕ್ಸುಬುಂಟು ನಡೆಸುತ್ತಿದ್ದೆವು. ಹೀಗೆ ಕಂಪ್ಯೂಟರಿನೊಳಗೆ ತಂತ್ರಾಂಶ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಯಂತ್ರ. ಅದನ್ನು ಕೆಡಿಸಿ ಕಲಿಯಬಹುದು. ಮೊದಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರೆ ಹಿಂದಿನ ಸ್ಥಿತಿಗೆ ಮರಳಬಹುದು. ಹಾಗಾಗಿ ಹಿಂದಿನ ದಿನ ಮೂರು ಯಂತ್ರಗಳಲ್ಲಿ ಬೇಕೆಂದೇ ಮೂರು ಬಗೆಯ ದೋಷಗಳನ್ನಿಟ್ಟೆ.

ಮೊದಲನೆಯದಕ್ಕೆ, 8 ಜಿಬಿ ರ‍್ಯಾಮ್ ಇದ್ದ ಕಂಪ್ಯೂಟರಿನಲ್ಲಿ 7 ಜಿಬಿ ಕೊಟ್ಟೆ. ಮನೆಯವರಿಗೆ ಏನೂ ಉಳಿಯದಂತೆ ಅತಿಥಿಗೆ ಬಡಿಸಿದ ಹಾಗೆ. ಕೊನೆಗೆ ಇಬ್ಬರಿಗೂ ಕಷ್ಟ. ಎರಡನೆಯದರಲ್ಲಿ ವಿಂಡೋಸ್‌ನ ಹೈಪರ್-ವಿ ಸೌಲಭ್ಯ ಚಾಲೂ ಮಾಡಿದೆ. ಆಗ ಪ್ರೊಸೆಸರಿನ ನೆರವು ವರ್ಚುವಲ್‌ಬಾಕ್ಸ್‌ಗೆ ನೇರವಾಗಿ ಸಿಗದೆ ಯಂತ್ರ ನಿಧಾನವಾಗುತ್ತದೆ, ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಾಣಿಸುತ್ತದೆ. ಮೂರನೆಯದರಿಂದ ಎರಡನೇ ಡಿಸ್ಕನ್ನು ತೆಗೆದೆ; ಆದರೆ ಆ ಡಿಸ್ಕನ್ನು ಜೋಡಿಸಿಕೊಳ್ಳಲು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದ ಸಾಲನ್ನು ಹಾಗೇ ಬಿಟ್ಟೆ. ಕಾರಣ ಮೂರು, ಮಕ್ಕಳಿಗೆ ಕಾಣುವುದು ಮಾತ್ರ ಕದಲದ ಒಂದೇ ಲೋಗೋ.

ನಿಯಮ ಎರಡೇ: ಕಂಡದ್ದನ್ನು ಬರೆಯದೆ ಏನನ್ನೂ ಮುಟ್ಟಬಾರದು, ಒಂದು ಸಲಕ್ಕೆ ಒಂದೇ ಬದಲಾವಣೆ.

ಕನ್ನಡ ಮಾಧ್ಯಮದ ಈ ಮಕ್ಕಳಿಗೆ ಇಂಗ್ಲಿಷ್ ಸಂದೇಶ ಬಂದೊಡನೆ ಓದದೆ ಮುಚ್ಚುವುದು ರೂಢಿ. ಮೂರನೇ ಗುಂಪಿಗೆ ‘ಎಸ್ಕೇಪ್ ಒತ್ತಿ ನೋಡಿ’ ಎಂದಷ್ಟೇ ಹೇಳಿದೆ. ಲೋಗೋ ಸರಿದು ಸಾಲುಸಾಲಾಗಿ ಅಕ್ಷರಗಳು ಕಂಡವು. ‘ಆಫ್ ಮಾಡೋಣ’ ಎಂದ ಒಬ್ಬ ಹುಡುಗ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಅವನ ಕೈ ತಡೆದಳು: ‘ಇರೋ, ಇದು ನಿಂತಿಲ್ಲ. ಯಾವುದಕ್ಕೋ ಕಾಯ್ತಿದೆ. ನಂಬರ್ ಓಡ್ತಿದೆ ನೋಡು.’

ಇಲ್ಲದ ಡಿಸ್ಕಿಗಾಗಿ ಲಿನಕ್ಸ್ ಕಾಯುವ ಆ ಗಡುವು 1 ನಿಮಿಷ 30 ಸೆಕೆಂಡು. 40 ನಿಮಿಷದ ಅವಧಿಯಲ್ಲಿ, ಹಿಂದೆ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿರುವಾಗ, ಅದು ಬಹಳ ದೀರ್ಘ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಗಡುವು ಮುಗಿದು ಎಮರ್ಜೆನ್ಸಿ ಮೋಡ್ ಬಂತು. ಅಷ್ಟರಲ್ಲಿ ಅವಳು ‘ಡಿಸ್ಕ್’ ಎಂಬ ಪದವನ್ನು ಅಕ್ಷರ ಕೂಡಿಸಿ ಓದಿ ಬರೆದುಕೊಂಡಿದ್ದಳು. ನನ್ನ ಮೇಜಿನ ಮೇಲಿದ್ದ ಸರಿಯಾದ ಯಂತ್ರದ ಸೆಟ್ಟಿಂಗ್ಸ್ ಜೊತೆ ಹೋಲಿಸಿದರು. ಅಲ್ಲಿ ಎರಡು ಡಿಸ್ಕ್, ಇಲ್ಲಿ ಒಂದೇ. ಜೋಡಿಸಿದರು, ಯಂತ್ರ ತೆರೆದುಕೊಂಡಿತು.

ಮೊದಲ ಗುಂಪು ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ತುಂಬಿರುವುದನ್ನು ಕಂಡು 2 ಜಿಬಿಗೆ ಇಳಿಸಿ ಗೆದ್ದಿತು. ಎರಡನೇ ಗುಂಪಿನ ದೋಷ ಗಂಟೆ ಹೊಡೆದರೂ ಬಗೆಹರಿಯಲಿಲ್ಲ. ಅವರ ಹಾಳೆಯಲ್ಲಿ ಹೀಗಿತ್ತು: ‘ಬೇರೆ ಯಂತ್ರದಲ್ಲಿ ಇಲ್ಲದ ಆಮೆ ಇದರಲ್ಲಿದೆ. ಯಾಕೆ ಗೊತ್ತಿಲ್ಲ.’ ನಾನು ಪೂರ್ಣ ಅಂಕ ಕೊಟ್ಟೆ.

ಚರ್ಚೆಯ ವೇಳೆ ಮಾರ್ಗದರ್ಶಕರು ಇದನ್ನೇ ಪ್ರಶ್ನಿಸಿದರು: ‘ಸರಿಪಡಿಸದವರಿಗೂ ಪೂರ್ಣ ಅಂಕವೇ?’ ಪಾಠಯೋಜನೆಯ ಉದ್ದೇಶದ ಕಾಲಂ ತೋರಿಸಿದೆ. ಅಲ್ಲಿ ‘ದುರಸ್ತಿ’ ಎಂದಿರಲಿಲ್ಲ, ‘ಗಮನಿಸಿ, ಹೋಲಿಸಿ, ದಾಖಲಿಸುವುದು’ ಎಂದಿತ್ತು. ಅವರು ಪೂರ್ತಿ ಒಪ್ಪಲಿಲ್ಲ. ಮುಂದಿನ ಪಾಠವನ್ನು ಆ ಆಮೆಯಿಂದಲೇ ಆರಂಭಿಸಲು ಹೇಳಿದರು. ಆ ಗುಂಪಿನ ಹಾಳೆಯನ್ನೇ ಪೀಠಿಕೆಯಾಗಿ ಇಟ್ಟುಕೊಂಡಿದ್ದೇನೆ.