ಫಾರ್ಮ್ಯಾಟ್ ಹೊಡೆಯುವ ಮೊದಲು

ಬೆಳ್ಳಾರೆ ಪೇಟೆಯಿಂದ ಒಳರಸ್ತೆಗೆ ಇಳಿದರೆ ತೋಟದ ನಡುವೆ ಹಂಚಿನ ಮನೆ. ಜುಲೈ ಮಳೆ ಬಡಿಯುವ ಸದ್ದಿಗೆ ಎದುರು ಕುಳಿತವರ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಚಾವಡಿಯ ಮೂಲೆಯಲ್ಲಿ ಲಿನಕ್ಸ್ ಮಿಂಟ್ 19 ಇರುವ ಹಳೆಯ ಕಂಪ್ಯೂಟರ್. ನೀವು ಅದರೆದುರು ಕುಳಿತಿದ್ದೀರಿ. ಮನೆಯವರು ಹೇಳುತ್ತಾರೆ:

"ನಿನ್ನೆಯಿಂದ ಹೀಗೇ ಮಾರಾಯ್ರೆ. ಪಾಸ್‌ವರ್ಡ್ ಹಾಕಿದ್ರೆ ಒಮ್ಮೆ ಕಪ್ಪಾಗ್ತದೆ, ಮತ್ತೆ ಪಾಸ್‌ವರ್ಡ್ ಕೇಳ್ತದೆ. ಪೇಟೆಯಲ್ಲಿ ಕೇಳಿದ್ರೆ ಫಾರ್ಮ್ಯಾಟ್ ಹೊಡಿಬೇಕು ಅಂತಾರೆ. ತೋಟದ ಲೆಕ್ಕ ಎಲ್ಲ ಅದ್ರಲ್ಲೇ ಉಂಟು."

ಮೈಲುತುತ್ತು ತಂದ ಲೆಕ್ಕ, ಕೊಳೆರೋಗಕ್ಕೆ ಮದ್ದು ಬಿಟ್ಟ ದಿನ, ಅಡಿಕೆ ಮಾರಿದ ಕ್ರಯ. ಅದು ಹೋದರೆ ಮತ್ತೆ ಬರೆಯುವುದು ಸಾಧ್ಯವಿಲ್ಲ.

ನೀವೇ ಪಾಸ್‌ವರ್ಡ್ ಒತ್ತುತ್ತೀರಿ. ಕೀಲಿಮಣೆ ಕನ್ನಡಕ್ಕೆ ತಿರುಗಿದ್ದರೆ ಪಾಸ್‌ವರ್ಡ್ ತಪ್ಪು ಎಂದು ಅದು ಹೇಳಬೇಕಿತ್ತು. ಹೇಳಲಿಲ್ಲ. ಪರದೆ ಕಪ್ಪಾಯಿತು, ಒಂದೆರಡು ಕ್ಷಣ ಮಿಣುಕಿತು, ಮತ್ತೆ ಅದೇ ಪೆಟ್ಟಿಗೆ. ಅಂದರೆ ಪಾಸ್‌ವರ್ಡ್ ಒಪ್ಪಿಕೊಂಡಿದೆ, ಡೆಸ್ಕ್‌ಟಾಪ್ ಮಾತ್ರ ಏಳುತ್ತಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಚಿತ್ರವೆಲ್ಲ ಮಾಯ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಲಾಗಿನ್ ಎಂಬ ಒಂದೇ ಸಾಲು. ಹೆಸರು ಹಾಕಿ. ಪಾಸ್‌ವರ್ಡ್ ಒತ್ತುವಾಗ ನಕ್ಷತ್ರವೂ ಮೂಡುವುದಿಲ್ಲ, ಕರ್ಸರ್ ಕದಲುವುದೂ ಇಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಹೆದರಿ ಹಲವರು ಕೈಬಿಡುವುದು ಇಲ್ಲಿಯೇ. ನೀವು ಪೂರ್ತಿ ಒತ್ತಿ ಎಂಟರ್ ಹೊಡೆಯಿರಿ. ಒಳಗೆ ಬಂದಿರಿ.

ಮೊದಲು ಡಿಸ್ಕ್ ತುಂಬಿದೆಯೇ ಎಂದು ನೋಡಬೇಕು. ಜಾಗ ಮುಗಿದರೂ ಹೀಗೇ ಆಗುತ್ತದೆ. ಡಿಎಫ್ ಆದೇಶ ಕೊಟ್ಟರೆ ಅರ್ಧದಷ್ಟು ಜಾಗ ಖಾಲಿ. ಹಾಗಾದರೆ ಕಾರಣ ಬೇರೆ. ಎಲ್‌ಎಸ್ ಆದೇಶದಲ್ಲಿ ಅಡಗಿದ ಕಡತಗಳನ್ನೂ ಅವುಗಳ ಒಡೆಯರನ್ನೂ ತೋರಿಸಲು ಹೇಳಿ, ಒಂದೊಂದೇ ಸಾಲು ಓದುತ್ತಾ ಹೋಗಿ. ಡಾಟ್ ಎಕ್ಸ್‌ಅಥಾರಿಟಿ. ಉಳಿದ ಕಡತಗಳೆಲ್ಲ ಮನೆಯವರ ಹೆಸರಲ್ಲಿವೆ. ಇದರ ಒಡೆಯ ಮಾತ್ರ ರೂಟ್, ಅಂದರೆ ಕಂಪ್ಯೂಟರಿನ ಮೇಲ್ವಿಚಾರಕ ಖಾತೆ.

ಸಿಕ್ಕಿತು. ಚಿತ್ರದ ಪರದೆ ಏಳಬೇಕಾದರೆ ಈ ಕಡತಕ್ಕೆ ಬಳಕೆದಾರರ ಹೆಸರಿನಲ್ಲಿ ಬರೆಯಬೇಕು. ರೂಟ್ ಹೆಸರಲ್ಲಿದ್ದರೆ ಬರೆಯಲಾಗದು, ಲಾಗಿನ್ ಹಿಂದಕ್ಕೆ ತಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ರೂಟ್ ಅಧಿಕಾರ ಕೊಡುವ ಸುಡೋ ಸೇರಿಸಿ ಕಿಟಕಿಯಿರುವ ತಂತ್ರಾಂಶ ತೆರೆದರೆ ಹೀಗಾಗುವುದುಂಟು. ಕೇಳಿದರೆ ಮನೆಯವರ ಮಗ ಬಾಗಿಲಲ್ಲಿ ನಿಂತು, "ಹೌದಣ್ಣ, ಮೊನ್ನೆ ಎಂತದೋ ಹಾಗೆ ತೆರೆದಿದ್ದೆ" ಅನ್ನುತ್ತಾನೆ.

ಸುಡೋ ಜೊತೆ ಚೌನ್ ಆದೇಶ ಕೊಟ್ಟು, ಮನೆಯವರ ಬಳಕೆದಾರ ಹೆಸರು ಹಾಕಿ ಕಡತವನ್ನು ಅವರಿಗೇ ಒಪ್ಪಿಸಿ. ಕಂಟ್ರೋಲ್, ಆಲ್ಟ್, ಎಫ್7. ಪಾಸ್‌ವರ್ಡ್. ಪರದೆ ಕಪ್ಪಾಗುತ್ತದೆ, ಈ ಸಲ ಡೆಸ್ಕ್‌ಟಾಪ್ ಬಂತು, ಅಡಿಕೆ ಲೆಕ್ಕದ ಕಡತ ಇದ್ದಲ್ಲೇ ಉಂಟು.

ಎದ್ದು ಹೊರಡುವ ಮೊದಲು ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ. ಮಿಂಟ್ 19ಕ್ಕೆ ಅಪ್‌ಡೇಟ್ ನಿಂತದ್ದು 2023ರಲ್ಲಿ. ಹೊಸ ಆವೃತ್ತಿ ಹಾಕಲೇಬೇಕು. ಆದರೆ ಕಡತ ಕಾಪಿ ಆಗುವ ತನಕ ಫಾರ್ಮ್ಯಾಟಿಗೆ ಯಾರೇ ಹೇಳಲಿ, ಒಪ್ಪಬೇಡಿ.