ಲೆಕ್ಕಕ್ಕಿಲ್ಲದ ಪಂದ್ಯಗಳು

ಪುಷ್ಯ ಮಳೆ ಹಿಡಿದಿರುವ ದಿನಗಳು. ಉಚ್ಚಂಗಿದುರ್ಗದ ಕೆಳಗಿನ ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲುದ್ದ ಬಂದಿರುತ್ತದೆ, ಎಡೆಕುಂಟೆ ಹೊಡೆಯುವವರಿಗೆ ಪುರುಸೊತ್ತಿಲ್ಲ. ಅದೇ ಹೊತ್ತಿಗೆ ಬೆಂಗಳೂರು ಎಫ್‌ಸಿ ಆಟಗಾರರು ರಜೆ ಮುಗಿಸಿಕೊಂಡು ಮೈದಾನಕ್ಕೆ ಮರಳುತ್ತಾರೆ. ಲೀಗ್ ಶುರುವಾಗುವುದಕ್ಕೆ ಇನ್ನೂ ಎಷ್ಟೋ ವಾರಗಳಿವೆ. ಆ ನಡುವೆ ಕ್ಲಬ್ಬು ಅಲ್ಲೊಂದು ಇಲ್ಲೊಂದು ಅಭ್ಯಾಸ ಪಂದ್ಯ ಆಡುತ್ತದೆ. ನೋಡುವುದಕ್ಕೆ ಜನ ಇರುವುದಿಲ್ಲ, ಟಿವಿಯಲ್ಲಿ ಬರುವುದಿಲ್ಲ, ಗೆದ್ದರೂ ಸೋತರೂ ಅಂಕಪಟ್ಟಿಯಲ್ಲಿ ಒಂದು ಗೆರೆ ಮೂಡುವುದಿಲ್ಲ. ಸಂಜೆ ಫೋನಿಗೆ ಒಂದು ಸಾಲಿನ ಸುದ್ದಿ ಬರುತ್ತದೆ. ಇಂಥ ತಂಡದ ಮೇಲೆ ಇಷ್ಟು ಗೋಲು, ಹೊಡೆದವರು ಇಂಥವರು. ಆ ಒಂದು ಸಾಲು ಸಾಕು, ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಈ ವರ್ಷ ನಮ್ಮದೇ ಅನ್ನಿಸಿಬಿಡುತ್ತದೆ.

ಉಚ್ಚಂಗಿದುರ್ಗದಲ್ಲಿ ಕೂತವನಿಗೆ ಫುಟ್‌ಬಾಲ್ ಹೇಗೆ ಅಂಟಿಕೊಂಡಿತು ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಹುಡುಗರು ಆಡುವುದು ವಾಲಿಬಾಲ್, ಕಬಡ್ಡಿ. ಸುಗ್ಗಿ ಮುಗಿದ ಹೊಲ ಸಿಕ್ಕರೆ ಕ್ರಿಕೆಟ್. ಆದರೆ ನಮ್ಮಿಂದ ಈಶಾನ್ಯಕ್ಕೆ, ಕೂಡ್ಲಿಗಿ ದಾಟಿ ಹೋದರೆ ಸಂಡೂರು ತಾಲ್ಲೂಕಿನ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಗೆ ಈ ಸೀಮೆಯ ಎಷ್ಟು ಮನೆಗಳಿಂದ ಹುಡುಗರು ಹೋಗಿಲ್ಲ! ಆ ಕಾರ್ಖಾನೆ ಜೆಎಸ್‌ಡಬ್ಲ್ಯು ಸಂಸ್ಥೆಯದು. 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದೂ ಅದೇ ಸಂಸ್ಥೆ. ಕಾರ್ಖಾನೆಯ ಮಗ್ಗುಲಲ್ಲೇ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಎದ್ದಿತು. ಕ್ಲಬ್ಬಿನ ವಸತಿ ಅಕಾಡೆಮಿಯ ಹುಡುಗರು ಬೆಳೆದದ್ದು ಅಲ್ಲಿ, ಹಿರಿಯರ ತಂಡ ಋತುವಿನ ತಯಾರಿಗೆ ಬಂದು ಬೆವರು ಹರಿಸಿದ್ದೂ ಅಲ್ಲಿ. ನಮ್ಮ ತಾಲ್ಲೂಕು ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿ, 2018ರಲ್ಲಿ ಬಳ್ಳಾರಿಗೆ ಮರಳಿಸಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಕೊಟ್ಟರು. ಆ ನಡುವಿನ ಬಳ್ಳಾರಿಯ ದಿನಗಳಲ್ಲಿ ಕ್ಲಬ್ಬಿನ ತಯಾರಿಯ ಮೈದಾನವೂ ನಮ್ಮೂರೂ ಒಂದೇ ಜಿಲ್ಲೆಯಲ್ಲಿದ್ದವು. ಪತ್ರಿಕೆಯವರು ಬೆಂಗಳೂರಿನ ತಂಡ ಎನ್ನಲಿ, ನನ್ನ ಮಟ್ಟಿಗೆ ಅದು ನಮ್ಮ ಕಡೆಯ ಬಿಸಿಲಿನಲ್ಲಿ ಕಾಲು ಗಟ್ಟಿ ಮಾಡಿಕೊಂಡ ತಂಡ.

ಅಣ್ಣನ ಮಗ ಆ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಾನೆ. ಒಮ್ಮೆ ಫೋನ್ ಮಾಡಿ, "ಚಿಗಪ್ಪಾ, ಬೆಳಿಗ್ಗೆ ಏಳಕ್ಕ ಬಸ್ಸಿನಾಗಿಂದ ಕಂಡ್ರು. ಬನಿಯನ್ ಮ್ಯಾಲೆ ನಂಬರ್ ಇಲ್ಲ, ಯಾರು ಛೇಟ್ರಿ ಯಾರು ಹೊಸ ಹುಡುಗ ಒಂದೂ ತಿಳಿಲಿಲ್ಲ, ಎಲ್ಲಾರೂ ಒಂದೇ ಸವನೆ ಓಡಾಕತ್ತಿದ್ರು" ಅಂದ. ತಯಾರಿಯ ದಿನಗಳ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ವರದಿಯಲ್ಲೂ ನಾನು ಓದಿಲ್ಲ. ಅಕ್ಟೋಬರ್ ಬಂದರೆ ಪ್ರತಿ ಆಟಗಾರನ ಬೆನ್ನ ಮೇಲೂ ಹೆಸರು ಬೀಳುತ್ತದೆ, ಬೆಲೆ ಬೀಳುತ್ತದೆ, ಬೈಗುಳವೂ ಬೀಳುತ್ತದೆ. ಆ ಬೆಳಗಿನಲ್ಲಿ ಹದಿನೆಂಟರ ಹುಡುಗನಿಗೂ ದೇಶದ ನಾಯಕ ಛೇಟ್ರಿಗೂ ಇದ್ದದ್ದು ಒಂದೇ ಬಣ್ಣದ ಬನಿಯನ್.

ಒಂದು ಸಾಲಿನ ಸುದ್ದಿ ಎಂದೆನಲ್ಲ, ಅದನ್ನು ಹಿಡಿದು ಇಡೀ ವರ್ಷ ಲೆಕ್ಕ ಹಾಕುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಸೇರಿದ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಕಾರ್ಣಿಕದ ಒಂದೇ ಮಾತು ನುಡಿದು ಅವರು ಮೇಲಿಂದ ಧುಮುಕುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಹಡಗಲಿಯ ಬಸ್ಸಿನಲ್ಲಿ, ಹರಪನಹಳ್ಳಿಯ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಅದೇ ಮಾತು. ಮಳೆಯ ಬಗ್ಗೆ ಅಂದದ್ದು ಎನ್ನುವವರು, ರಾಜಕೀಯಕ್ಕೆ ಹೇಳಿದ್ದು ಎನ್ನುವವರು, ಶೇಂಗಾ ಹಾಕಿದವನಿಗೆ ಒಂದು ಅರ್ಥ, ಮೆಕ್ಕೆಜೋಳದವನಿಗೆ ಇನ್ನೊಂದು. ಅಭ್ಯಾಸ ಪಂದ್ಯದ ಸ್ಕೋರನ್ನು ನಾನು ಓದುವುದು ಆ ಜಾತ್ರೆಯಿಂದ ಮರಳುವ ರೈತ ಕಾರ್ಣಿಕವನ್ನು ಓದುವ ಹಾಗೆ. ಆ ರೈತನನ್ನು ಮೂಢ ಎನ್ನಲು ನನಗೆ ಬಾಯಿ ಬರುವುದಿಲ್ಲ. ಏನು ನುಡಿ ಬಂದರೂ ಅವನು ಬಿತ್ತನೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ತಯಾರಿ ಪಂದ್ಯಗಳನ್ನು ನಂಬಬೇಕೋ ಬೇಡವೋ? ಬೇಡ ಎನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷಿಗಳಿವೆ. 2014ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೊಸ ಕೋಚ್ ಲೂಯಿ ವಾನ್ ಗಾಲ್ ಜೊತೆ ಅಮೆರಿಕಕ್ಕೆ ಹೋಯಿತು. ಲಾಸ್ ಏಂಜಲೀಸ್ ಗ್ಯಾಲಕ್ಸಿ ಮೇಲೆ 7–0. ಮಿಷಿಗನ್‌ನಲ್ಲಿ 1,09,318 ಜನರ ಎದುರು ರಿಯಲ್ ಮ್ಯಾಡ್ರಿಡ್ ಮೇಲೆ 3–1. ಆಗಸ್ಟ್ 4ರಂದು ಮಯಾಮಿಯಲ್ಲಿ ಲಿವರ್‌ಪೂಲನ್ನು 3–1ರಿಂದ ಸೋಲಿಸಿ ಕಪ್ ಎತ್ತಿತು. ಆಗಸ್ಟ್ 16ರಂದು ಲೀಗ್ ಶುರು. ಮೊದಲ ಪಂದ್ಯದಲ್ಲೇ, ತನ್ನ ಮನೆಯಂಗಳದಲ್ಲೇ, ಸ್ವಾನ್ಸಿ ಎದುರು 1–2ರ ಸೋಲು.

ಅಷ್ಟು ದೂರ ಹೋಗುವುದೇ ಬೇಡ, ನಮ್ಮದೇ 2022 ಇದೆ. 1888ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ಡುರಾಂಡ್ ಕಪ್ ಏಷ್ಯಾದ ಅತ್ಯಂತ ಹಳೆಯ ಫುಟ್‌ಬಾಲ್ ಟೂರ್ನಿ. ಈಗ ಅದು ಬರುವುದು ಲೀಗಿಗೆ ಮುಂಚೆ, ಆದ್ದರಿಂದ ಕ್ಲಬ್ಬುಗಳು ಅದನ್ನು ತಯಾರಿಯ ಟೂರ್ನಿಯಂತೆಯೇ ಆಡುತ್ತವೆ. ಆ ವರ್ಷ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಎಲ್ಲ ಕ್ಲಬ್ಬುಗಳೂ ಅದರಲ್ಲಿದ್ದವು. ಸೆಪ್ಟೆಂಬರ್ 18ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. 11ನೇ ನಿಮಿಷದಲ್ಲೇ ಮೊದಲ ಗೋಲು, ಹೊಡೆದವನು ತಮಿಳುನಾಡಿನ ಎಳೆಯ ಹುಡುಗ ಶಿವಶಕ್ತಿ ನಾರಾಯಣನ್. ಊರಲ್ಲಿ ನಾನು ಪೇಢೆ ಹಂಚಿದೆ. ಅಕ್ಟೋಬರಿನಲ್ಲಿ ಲೀಗ್ ಶುರುವಾಯಿತು. ಮೊದಲ ಪಂದ್ಯವೇನೋ ಗೆದ್ದರು. ಆಮೇಲೆ ಸೋಲಿನ ಮೇಲೆ ಸೋಲು, ಗೋಲು ಹೊಡೆಯುವುದೇ ಮರೆತ ಹಾಗೆ. "ಏನಪಾ, ಪೇಢೆ ತಿರುಗಿ ಕೊಡಬೇಕೇನು?" ಎಂದು ಅಂಗಡಿಯಲ್ಲಿ ಕೇಳಿದರು.

ಕೊಡಬೇಕಾಗಲಿಲ್ಲ. ಜನವರಿಯಿಂದಾಚೆ ಅದೇ ತಂಡ ಲೀಗ್ ಹಂತದ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದಿತು. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದಾರೆ, ಗೋಲಿ ಕಂಬ ಬಿಟ್ಟು ಮುಂದೆ ನಿಂತಿದ್ದಾನೆ. ಸುನಿಲ್ ಛೇಟ್ರಿ ಯಾರಿಗೂ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ಕೇರಳದ ಕೋಚ್ ತಮ್ಮ ತಂಡವನ್ನೇ ಕರೆದುಕೊಂಡು ಮೈದಾನ ಬಿಟ್ಟು ನಡೆದರು, ಪಂದ್ಯ ಬೆಂಗಳೂರಿನದಾಯಿತು. ಆ ಗೋಲು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. ರೆಫರಿ ಒಪ್ಪಿದ ಗೋಲು ಗೋಲೇ, ಆಡುವವನು ಕಣ್ಣು ತೆರೆದಿರಬೇಕು ಎಂಬುದು ನನ್ನ ತೀರ್ಮಾನ.

ಮರುದಿನ ಇನ್ನೂ ದೊಡ್ಡ ಸುದ್ದಿ. ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. 1968–69ರ ಮಾತು ಅದು. 54 ವರ್ಷ! ನಮ್ಮ ತಂದೆಯ ಕಾಲದವರು ಪತ್ರಿಕೆಯಲ್ಲಿ ಓದಿದ್ದ ಸುದ್ದಿಯನ್ನು ನಾವು ಫೋನಿನಲ್ಲಿ ಕಂಡೆವು. ಎರಡು ದಿನದಲ್ಲಿ ಎರಡು ಹಬ್ಬ ಕಂಡ ಕನ್ನಡದ ಫುಟ್‌ಬಾಲ್ ಪ್ರೇಮಿಗೆ ಇನ್ನೇನು ಬೇಕು? ಆದರೆ ಅದೇ ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರಿನ ಐಎಸ್‌ಎಲ್ ಫೈನಲ್ 2–2 ಆಗಿ ಪೆನಾಲ್ಟಿಯಲ್ಲಿ 3–4ರಿಂದ ಬೆಂಗಳೂರಿನ ಕೈತಪ್ಪಿತು.

ಆಗಸ್ಟಿನ ಆಸೆ ಸುಳ್ಳಾಯಿತು ಎನ್ನುತ್ತೀರಾ? ನಾನು ಒಪ್ಪುವುದಿಲ್ಲ. ಡುರಾಂಡ್ ಫೈನಲಿನಲ್ಲಿ ಗೋಲು ಹೊಡೆದ ಶಿವಶಕ್ತಿಯೇ ಆ ಋತುವಿನ ಲೀಗಿನಲ್ಲಿ ಉದಯೋನ್ಮುಖ ಆಟಗಾರನ ಪ್ರಶಸ್ತಿ ಪಡೆದ. ತಯಾರಿ ಪಂದ್ಯಗಳ ಸ್ಕೋರು ನಂಬಿ ಮೋಸ ಹೋಗಬಹುದು. ಎದುರಾಳಿ ಅರ್ಧ ಬಲದಲ್ಲಿ ಆಡುತ್ತಾನೆ, ಮಧ್ಯಂತರದಲ್ಲಿ ಹನ್ನೊಂದಕ್ಕೆ ಹನ್ನೊಂದು ಬದಲಾಗುತ್ತಾರೆ, ದೊಡ್ಡ ಹೆಸರಿನವರು ಮೊಣಕಾಲು ಜೋಪಾನ ಮಾಡಿಕೊಂಡು ಓಡುತ್ತಾರೆ. ಆದರೆ ಕೊನೆಯ ಅರ್ಧ ಗಂಟೆ ಮೈದಾನಕ್ಕಿಳಿಯುವ ಹುಡುಗ ಹಾಗೆ ಆಡುವುದಿಲ್ಲ. ಅವನಿಗೆ ಅದೇ ಫೈನಲ್. ಕೋಚ್ ಕಣ್ಣಿಗೆ ಬೀಳಲು ಅವನಿಗಿರುವುದು ಆ ಅರ್ಧ ಗಂಟೆ ಮಾತ್ರ. ಆದ್ದರಿಂದ ಆ ಒಂದು ಸಾಲಿನ ಸುದ್ದಿಯಲ್ಲಿ ನಾನು ಮೊದಲು ನೋಡುವುದು ಗೋಲು ಹೊಡೆದವರಲ್ಲಿ ಕೇಳದ ಹೆಸರು ಇದೆಯೋ ಎಂದು.

2023ರಲ್ಲಿ ಡುರಾಂಡ್ ಗುಂಪು ಹಂತವನ್ನೇ ದಾಟಲಿಲ್ಲ, ಲೀಗಿನಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಆ ವರ್ಷದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಅಂಥ ವರ್ಷಗಳಲ್ಲಿ ನಾನು ಸಂಜೆ ಬೆಟ್ಟ ಹತ್ತುತ್ತೇನೆ. ಉಚ್ಚಂಗೆಮ್ಮನಿಗೆ ಕೈಮುಗಿದು ಕೋಟೆಯ ಗೋಡೆಯ ಮೇಲೆ ಕೂತರೆ ಸುತ್ತಲಿನ ಸೀಮೆಯೆಲ್ಲ ಕಾಣುತ್ತದೆ. ಉಚ್ಚಂಗಿಯ ಪಾಂಡ್ಯರು ಆಳಿದ ಜಾಗ ಇದು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಸಾಕಾಗಿ ಬಿಟ್ಟುಹೋದ ಕೋಟೆಯನ್ನು ಹೊಯ್ಸಳ ಇಮ್ಮಡಿ ಬಲ್ಲಾಳ ಲೀಲೆಯಿಂದ ಗೆದ್ದನೆಂದು ಹೊಯ್ಸಳ ಶಾಸನ ಹೊಗಳುತ್ತದೆ. ಅದು 1177ರ ಸುಮಾರಿನ ಮಾತು. ಅವನಿಗೆ ಗಿರಿದುರ್ಗಮಲ್ಲ ಎಂಬ ಬಿರುದಿತ್ತು, ಶನಿವಾರಸಿದ್ಧಿ ಎಂಬುದೂ ಇತ್ತು. ದುರ್ಗ ಕೈವಶವಾದದ್ದು ಶನಿವಾರ, ಅದಕ್ಕೇ ಆ ಬಿರುದು ಎಂದು ಹೇಳುತ್ತಾರೆ. ಬೆಂಗಳೂರು ಎಫ್‌ಸಿಗೆ ಮಾತ್ರ ಶನಿವಾರ ಸಿದ್ಧಿಸಿಲ್ಲ. ದೋಹಾದಲ್ಲಿ 2016ರ ಎಎಫ್‌ಸಿ ಕಪ್ ಫೈನಲ್ ಸೋತದ್ದು ಶನಿವಾರ. ಕಂಠೀರವದಲ್ಲೇ ಚೆನ್ನೈಯಿನ್‌ಗೆ 2018ರ ಐಎಸ್‌ಎಲ್ ಫೈನಲ್ ಬಿಟ್ಟುಕೊಟ್ಟದ್ದು ಶನಿವಾರ. ಗೋವಾದ ಆ ಪೆನಾಲ್ಟಿಗಳೂ ಶನಿವಾರವೇ. ರಾಹುಲ್ ಭೇಕೆಯ ತಲೆಹೊಡೆತದಿಂದ 117ನೇ ನಿಮಿಷದಲ್ಲಿ ಐಎಸ್‌ಎಲ್ ಗೆದ್ದ 2019ರ ಮಾರ್ಚ್ 17 ಭಾನುವಾರ, ಡುರಾಂಡ್ ಗೆದ್ದದ್ದೂ ಭಾನುವಾರ. ಫೈನಲಿನ ದಿನ ಗೊತ್ತಾದೊಡನೆ ನಾನು ಮೊದಲು ಕ್ಯಾಲೆಂಡರ್ ನೋಡುತ್ತೇನೆ.

2024ರ ಆಗಸ್ಟ್ ಬಂತು. ಡುರಾಂಡ್ ಸೆಮಿಫೈನಲಿನಲ್ಲಿ ಮೋಹನ್ ಬಾಗಾನ್ ಎದುರು ಅವರದೇ ಊರಿನಲ್ಲಿ ಬೆಂಗಳೂರು 2–0 ಮುಂದಿತ್ತು. ಎರಡನೆಯ ಗೋಲು ವಿನಿತ್ ವೆಂಕಟೇಶನದು. ಬೆಂಗಳೂರಿನ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನು. ಆ ಪಂದ್ಯವನ್ನು ಕೊನೆಗೆ 2–2 ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತರು. ಸೋಲಿನ ಸುದ್ದಿ ಓದಿಯೂ ನನಗೆ ಸಂತೋಷವಾಗಿತ್ತು. ಮನೆಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಲೀಗಿನ ನಮ್ಮ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ಮೇಲೆ 1–0. ಗೋಲು ಹೊಡೆದವನು ವಿನಿತ್ ವೆಂಕಟೇಶ್. ಹಿಂದಿನ ವರ್ಷ ಹತ್ತನೆಯ ಸ್ಥಾನದಲ್ಲಿದ್ದ ತಂಡ ಮೂರನೆಯ ಸ್ಥಾನಕ್ಕೆ ಬಂತು. ನಲವತ್ತು ದಾಟಿದ ಛೇಟ್ರಿ ಗೋವಾ ಎದುರಿನ ಸೆಮಿಫೈನಲಿನ ಕೊನೆ ಗಳಿಗೆಯಲ್ಲಿ ತಲೆ ಕೊಟ್ಟು ಹೊಡೆದ ಗೋಲಿನಿಂದ ಫೈನಲಿಗೂ ಹೋಯಿತು. ಏಪ್ರಿಲ್ 12, ಸಾಲ್ಟ್ ಲೇಕ್, ಹೆಚ್ಚುವರಿ ಅವಧಿಯಲ್ಲಿ 1–2. ಅದೂ ಶನಿವಾರ.

ಇಷ್ಟೆಲ್ಲ ಸೋಲು ಉಂಡ ಮೇಲೂ ನನಗೆ ನಿಜವಾಗಿ ದಿಗಿಲಾದದ್ದು 2025ರಲ್ಲಿ. ಲೀಗಿನ ಒಪ್ಪಂದದ ತಕರಾರಿನಿಂದ ಐಎಸ್‌ಎಲ್ ತಡೆಹಿಡಿಯಲ್ಪಟ್ಟಿತು, ಆಗಸ್ಟಿನಲ್ಲಿ ಕ್ಲಬ್ಬು ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿತು. ಪುಷ್ಯ ಮಳೆ ಬಂತು, ಆಶ್ಲೇಷ ಬಂತು, ಮಘೆ ಹುಬ್ಬೆ ಮುಗಿದವು. ಫೋನಿಗೆ ಆ ಒಂದು ಸಾಲು ಬರಲಿಲ್ಲ. ಲೀಗ್ 2026ರ ಫೆಬ್ರವರಿಗೆ ಹೋಯಿತು. ಸೋತ ಫೈನಲನ್ನು ಮರೆಯಲು ಮುಂದಿನ ಆಗಸ್ಟ್ ಇರುತ್ತದೆ. ಆಗಸ್ಟೇ ಇಲ್ಲದಿದ್ದರೆ ಅಭಿಮಾನಿ ಎಲ್ಲಿಗೆ ಹೋಗಬೇಕು? ಕೆಲಸವಿಲ್ಲದೆ ಮನೆಯಲ್ಲಿ ಕೂತ ಹದಿನೆಂಟರ ಆ ಹುಡುಗ ಎಲ್ಲಿ ಓಡಬೇಕು, ಯಾರ ಕಣ್ಣಿಗೆ ಬೀಳಬೇಕು? ಲೀಗ್ ನಡೆಸುವವರು ಮುಂದೆ ಏನೇ ಲೆಕ್ಕಾಚಾರ ಮಾಡಲಿ, ಈ ಹುಡುಗರ ಆಗಸ್ಟನ್ನು ಕಸಿಯಬಾರದು.

ಕ್ಲಬ್ಬಿನವರಿಗೂ ನನ್ನದೊಂದು ಬೇಡಿಕೆ ಇದೆ. ಇನ್ನೊಮ್ಮೆ ತೋರಣಗಲ್ಲಿಗೆ ತಯಾರಿಗೆ ಬಂದಾಗ ಒಂದೇ ಒಂದು ಅಭ್ಯಾಸ ಪಂದ್ಯದ ಬಾಗಿಲನ್ನು ಸುತ್ತಲಿನ ತಾಲ್ಲೂಕುಗಳ ಶಾಲಾ ಮಕ್ಕಳಿಗೆ ತೆರೆಯಿರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳು ಹುಲ್ಲಿನ ಮೈದಾನದ ಅಂಚಿನಲ್ಲಿ ಕೂತು ನಂಬರಿಲ್ಲದ ಬನಿಯನ್ನಿನ ಹುಡುಗರನ್ನು ನೋಡಲಿ. ಟಿಕೆಟ್ ಬೇಡ, ಊಟ ಬೇಡ, ಬುತ್ತಿ ಕಟ್ಟಿಕೊಂಡೇ ಬರುತ್ತೇವೆ. ಬಸ್ಸಿನ ಖರ್ಚನ್ನು ನಾವು ಊರವರೇ ಕೂಡಿಸಿಕೊಳ್ಳುತ್ತೇವೆ.